ಹಾಡು ಹಿಡಿಯುವ ಮೈಕನ್ನು ನಾವೇ ಕಟ್ಟಬಹುದು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಮನೆಯ ಹಿರಿಯರ ಹಾಡು, ಕತೆ ಕಳೆದುಹೋಗುವ ಮುಂಚೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ಎಂದು ಅವರು ಬರೆದಿದ್ದರು. ಆಮೇಲೆ, ಒಳ್ಳೆ ಮೈಕ್ ಎಲ್ಲ ಸ್ಟುಡಿಯೊದವರಿಗೆ, ನಮ್ಮಂಥವರಿಗೆ ಮೊಬೈಲೇ ಸಾಕು ಎಂದೂ ಸೇರಿಸಿದ್ದರು. ಮೊದಲ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಸ್ಟುಡಿಯೊದಲ್ಲಿ ಇರುವಂಥದೇ ಒಂದು ಮೈಕ್ ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಕಿಟ್ ತರಿಸಿ ನಾನೇ ಕೂತು ಕಟ್ಟಿದ್ದು. ಆ ವಿಷಯ ಹೇಳೋಣ ಎಂದೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 26 ವರ್ಷ ಆಯಿತು. ನಮ್ಮ ಅತ್ತೆಗೆ ಈಗ 84. ಸೊಂಟ ಬಾಗಿದೆ, ಕಣ್ಣು ಮಂಜಾಗಿದೆ, ಗಂಟಲು ಮಾತ್ರ ಗಟ್ಟಿ ಇದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರೆ ಸಾಕು, ಹಾಡು ತಾನಾಗಿ ಶುರುವಾಗುತ್ತದೆ. ಮದುವೆಗೆ ಎಣ್ಣೆ ಹಚ್ಚುವಾಗ ಹಾಡುವುದು ಬೇರೆ, ಬೀಸುವಾಗ ಹಾಡುವುದು ಬೇರೆ, ತೊಟ್ಟಿಲು ತೂಗುವಾಗಿನದು ಬೇರೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದೆ. 43 ಹಾಡು ಆಯಿತು. ಆದರೆ ನೋಟ್‌ಬುಕ್ಕಿನಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ ಅಲ್ವಾ?

ಹಾಗಾಗಿ ನಾನೂ ಮೊದಲು ಮೊಬೈಲನ್ನೇ ಹಿಡಿದೆ. ಕೇಳಿದರೆ ಏನೋ ತಪ್ಪಿದೆ ಅನ್ನಿಸಿತು. ಅತ್ತೆ ಸಾಲಿನ ಕೊನೆಯಲ್ಲಿ ಸ್ವರ ಎಳೆಯುತ್ತಾರೆ. ಆ ಎಳೆತ ಅರ್ಧಕ್ಕೇ ಸಣ್ಣಗಾಗಿ, ಮತ್ತೆ ಎದ್ದು, ಮತ್ತೆ ಮುಳುಗುತ್ತಿತ್ತು. ಫೋನ್ ಮಾಡಿರುವುದು ಮಾತಾಡುವುದಕ್ಕೆ. ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಎಂದು ತಿಳಿದು ತಗ್ಗಿಸುವ ತಂತ್ರಾಂಶ ಅದರಲ್ಲಿ ಇರುತ್ತದೆ. ಫೋನಿಗೆ ಫ್ಯಾನಿನ ಸದ್ದೂ ಅಷ್ಟೇ, ಅತ್ತೆಯ ಎಳೆತವೂ ಅಷ್ಟೇ. ಏನೂ ಇಲ್ಲದಿದ್ದಾಗ ಮೊಬೈಲ್ ಖಂಡಿತ ಬೇಕು. ಆದರೆ ಹಾಡಿಗೆ ಅದು ಸಾಲದು.

ಬೆಂಗಳೂರಿನಲ್ಲಿರುವ ಮಗಳಿಗೆ ಹೇಳಿದೆ. ಅವಳೇ ಹುಡುಕಿ, “ಅಮ್ಮ, ಕಂಡೆನ್ಸರ್ ಮೈಕ್ ಕಿಟ್ ಬರುತ್ತೆ. ಬಿಡಿಭಾಗ ಎಲ್ಲ ಕೊಡ್ತಾರೆ, ಬೆಸುಗೆ ನಾವೇ ಹಾಕ್ಬೇಕು. ನೀನು ಮಾಡ್ತೀಯ” ಅಂದಳು. ಹೊರದೇಶದಿಂದ ಬರಲು ಐದು ವಾರ ಹಿಡಿಯಿತು. ಸಾಗಣೆ, ಸುಂಕ ಎಲ್ಲ ಸೇರಿ ನನಗೆ ಬಿದ್ದದ್ದು 9,400 ರೂಪಾಯಿ. ಸಣ್ಣಪುಟ್ಟ ಸಾಮಾನನ್ನು ಮಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ತಂದಳು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಅವಳ ಗೆಳತಿಯೊಬ್ಬಳು ಬಳಸಿ ಬಿಟ್ಟದ್ದು. ಜರ್ಮನಿಯ ನಾಯ್ಮನ್ ಕಂಪನಿಯ ಹೆಸರಾದ ಮೈಕ್‌ಗಳಿಗೆ ಇವತ್ತಿಗೂ ಲಕ್ಷಗಟ್ಟಲೆ ಬೆಲೆ ಇದೆ. 1960ರಲ್ಲಿ ಬಂದ ಅವರ ಯು67, 1967ರ ಯು87 ಮೈಕ್‌ಗಳ ಕ್ಯಾಪ್ಸೂಲ್ ಇದೆಯಲ್ಲ, ಅದರ ಅಚ್ಚನ್ನೇ ಅನುಸರಿಸಿ ಮಾಡಿದ್ದು ನನ್ನ ಕಿಟ್‌ನಲ್ಲಿದ್ದ ಕ್ಯಾಪ್ಸೂಲ್. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲಸ ಮಾಡುವ ರೀತಿ ಅದೇ.

ಕ್ಯಾಪ್ಸೂಲ್ ಅಂದರೆ ಮೈಕಿನ ಕಿವಿ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಹಿಂದೆ ತೂತು ತೂತಾದ ಹಿತ್ತಾಳೆ ಬಿಲ್ಲೆ. ಅದರ ಮುಂದೆ, ಕೂದಲೆಳೆಯಷ್ಟೂ ಜಾಗ ಬಿಡದೆ, ಬಿಗಿದು ಕಟ್ಟಿದ ತೆಳು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಬಂಗಾರದ ಲೇಪ. ಹಾಳೆಯ ದಪ್ಪ 6 ಮೈಕ್ರಾನ್. ನಮ್ಮ ತಲೆಗೂದಲು 70 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದಾಜು ಮಾಡಿಕೊಳ್ಳಿ. ದೀಪದ ಕೆಳಗೆ ಹಿಡಿದಾಗ ಮೂಗುತಿಯ ಹಾಗೆ ಒಮ್ಮೆ ಹೊಳೆಯಿತು. ಮುಟ್ಟಬಾರದು, ಊದಲೂಬಾರದು. ಒಂದು ಹನಿ ಎಂಜಲು ಬಿದ್ದರೂ ಮುಗೀತು.

ಈ ಹಾಳೆ ಮತ್ತು ಬಿಲ್ಲೆ ಸೇರಿ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ ತುಂಬಿಡುವ ಸಾಧನ. ಅದಕ್ಕೆ 45ರಿಂದ 60 ವೋಲ್ಟ್ ಕೊಟ್ಟು ವಿದ್ಯುತ್ ತುಂಬಿಸಿ ಇಟ್ಟಿರುತ್ತಾರೆ. ಹಾಡಿದಾಗ ಹಾಳೆ ಅಲುಗುತ್ತದೆ, ಮಧ್ಯದ ಜಾಗ ಹೆಚ್ಚುಕಮ್ಮಿ ಆಗುತ್ತದೆ. ತುಂಬಿದ ವಿದ್ಯುತ್ ಅಷ್ಟೇ ಇರುವುದರಿಂದ ವೋಲ್ಟೇಜ್ ಏರಿಳಿಯುತ್ತದೆ. ಆ ಏರಿಳಿತವೇ ಹಾಡು. ಬಿ.ಎಸ್ಸಿ. ಓದುವಾಗ ಈ ಸೂತ್ರವನ್ನು ಎಷ್ಟು ಸಲ ಬರೆದಿದ್ದೆನೋ. ಅದು ಹೀಗೆ ಕೆಲಸ ಮಾಡುವುದನ್ನು ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು.

ತುಂಬಿದ ವಿದ್ಯುತ್ ಸೋರಿ ಹೋಗಬಾರದು. ಅದಕ್ಕೇ ಈ ಕಿಟ್‌ನಲ್ಲಿ ಕರೆಂಟಿಗೆ ಅಡ್ಡಗಟ್ಟುವ 1 ಗಿಗಾಓಮ್ ರೆಸಿಸ್ಟರ್ ಇರುತ್ತದೆ. ನೂರು ಕೋಟಿ ಓಮ್! ಅದರ ಮೈಮೇಲೆ ಆ ಅಳತೆ ತಿಳಿಸುವ ಕಂದು, ಕಪ್ಪು, ಬೂದು ಪಟ್ಟಿ. ಇಷ್ಟು ದೊಡ್ಡದು ಯಾಕೆ ಬೇಕು ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಕ್ಯಾಪ್ಸೂಲ್ ವಿದ್ಯುತ್ ಹಿಡಿಯುವ ಅಳತೆ 60 ಪಿಕೊಫ್ಯಾರಡ್ ಅಂದುಕೊಳ್ಳಿ. 1 ಗಿಗಾಓಮ್ ಹಾಕಿದರೆ ಮೈಕ್ ಸುಮಾರು 2.7 ಹರ್ಟ್ಜ್‌ವರೆಗಿನ, ಅಂದರೆ ಸೆಕೆಂಡಿಗೆ 2.7 ಸಲ ಕಂಪಿಸುವಷ್ಟು ತಗ್ಗಿನ ಸದ್ದನ್ನೂ ಹಿಡಿಯುತ್ತದೆ. ಕಿವಿಗೆ ಕೇಳುವುದೇ 20ರಿಂದ ಮೇಲೆ, ಹಾಗಾಗಿ ಯಾವುದೂ ತಪ್ಪುವುದಿಲ್ಲ. ಅದೇ ಜಾಗದಲ್ಲಿ 10 ಮೆಗಾಓಮ್ ಹಾಕಿದರೆ 265 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ. ಅತ್ತೆಯ ತಗ್ಗಿನ ಸ್ವರ ಪೂರ್ತಿ ಅಲ್ಲೇ ಇರುವುದು.

ಬೆಸುಗೆ ಹಾಕುವುದನ್ನು ನನಗೆ ಕಲಿಸಿದ್ದು ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರು. ಈಗ ಅವರ ಅಂಗಡಿಗೆ ರೇಡಿಯೊ ಬರುವುದು ಕಮ್ಮಿ. ಎರಡು ಸಂಜೆ ಪಕ್ಕದಲ್ಲೇ ಕೂರಿಸಿಕೊಂಡು ಹೇಳಿಕೊಟ್ಟರು. ಐರನ್ ಅಂದರೆ ಬೆಸುಗೆಯ ಬಿಸಿ ಕಡ್ಡಿ, ಸೋಲ್ಡರ್ ಅಂದರೆ ಕರಗಿ ಅಂಟುವ ಲೋಹದ ತಂತಿ, ಕಾಲು ಅಂದರೆ ಬಿಡಿಭಾಗದ ತುದಿಯ ತಂತಿ. “ಟೀಚರ್, ಐರನ್‌ಗೆ ಸೋಲ್ಡರ್ ಹಾಕ್ಬೇಡಿ. ಐರನ್ ಇಟ್ಟು ಕಾಲು ಬಿಸಿ ಮಾಡಿ, ಆ ಕಾಲಿಗೆ ಸೋಲ್ಡರ್ ಮುಟ್ಟಿಸಿ, ತಾನೇ ಹರಿಯುತ್ತೆ” ಅಂದರು. ಹರಿದು ಕೂತ ಬೆಸುಗೆ ಹೊಳೆಯುತ್ತದೆ. ಉಂಡೆ ಕಟ್ಟಿ ಮಂಕಾಗಿ ಕೂತರೆ ಅದು ಡ್ರೈ ಸೋಲ್ಡರ್, ಇವತ್ತಲ್ಲ ನಾಳೆ ಕೈ ಕೊಡುತ್ತದೆ. ಹಳೆ ಸರ್ಕ್ಯೂಟ್ ಬೋರ್ಡೊಂದರ ಮೇಲೆ ಮೂವತ್ತು ನಲವತ್ತು ಸಲ ಹಾಕಿಸಿ, ಆಮೇಲೆ ಕಿಟ್ ಮುಟ್ಟಲು ಬಿಟ್ಟರು.

ಕ್ಯಾಪ್ಸೂಲಿನ ತಂತಿ, ಟ್ರಾನ್ಸಿಸ್ಟರಿನ ಒಂದು ಕಾಲು, ಗಿಗಾ ರೆಸಿಸ್ಟರಿನ ತುದಿ, ಈ ಮೂರೂ ಸೇರುವ ಬೆಸುಗೆಯನ್ನು ಬೋರ್ಡಿನ ಮೇಲೆ ಹಾಕುವ ಹಾಗಿಲ್ಲ. ಕರೆಂಟ್ ಹರಿಯಲು ಬಿಡದ ಟೆಫ್ಲಾನ್ ಪ್ಲಾಸ್ಟಿಕ್ಕಿನ ಪುಟ್ಟ ಕಂಬದ ತಲೆಯ ಮೇಲೆ, ಗಾಳಿಯಲ್ಲೇ ಹಾಕಬೇಕು. ನೂರು ಕೋಟಿ ಓಮ್ ಲೆಕ್ಕಕ್ಕೆ ಬೋರ್ಡು ಕೂಡ ಸೋರುವ ವಸ್ತುವೇ. ಬೆರಳಿನ ಬೆವರು ತಾಗಿದರೂ ಆ ಉಪ್ಪಿನ ದಾರಿಯಲ್ಲಿ ವಿದ್ಯುತ್ ಸೋರುತ್ತದೆ. ಆ ಒಂದು ಬೆಸುಗೆಗೆ ಮುಕ್ಕಾಲು ಗಂಟೆ ಹಿಡಿಯಿತು.

ಜೋಡಿಸಿ ಇಂಟರ್‌ಫೇಸಿನಲ್ಲಿ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಗುಂಡಿ ಒತ್ತಿದೆ. ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಕರೆಂಟಿನ 50 ಹರ್ಟ್ಜ್ ಸದ್ದು ಅದು, ಗುರುತು ಸಿಕ್ಕಿತು. ಎರಡು ದಿನ ಎಲ್ಲ ಬೆಸುಗೆ ನೋಡಿದೆ, ತಪ್ಪು ಕಾಣಲಿಲ್ಲ. ಕೊನೆಗೆ ಮೈಕಿನ ಹೊರಕೊಳವೆಗೆ ಮೀಟರ್ ಇಟ್ಟು ನೋಡಿದರೆ ಅದಕ್ಕೂ ಗ್ರೌಂಡಿಗೂ ಸಂಪರ್ಕವೇ ಇಲ್ಲ. ಸ್ಕ್ರೂ ಕೂರುವ ಜಾಗದಲ್ಲೂ ಬಣ್ಣ ಬಳಿದಿದ್ದರು. ಬಣ್ಣ ಕರೆಂಟ್ ಹರಿಯಲು ಬಿಡುವುದಿಲ್ಲ. ಬ್ಲೇಡಿನ ತುದಿಯಿಂದ ಕಾಳುಮೆಣಸಿನಷ್ಟು ಜಾಗ ಕೆರೆದು ಸ್ಕ್ರೂ ಬಿಗಿದೆ. ಸದ್ದು ಥಟ್ಟನೆ ನಿಂತಿತು. ಹೆಡ್‌ಫೋನಿನಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್, ಅಡುಗೆಮನೆಯಲ್ಲಿ ಅತ್ತೆಯ ಬಳೆ, ಹೊರಗೆ ಸೋಗೆ ಬಿದ್ದದ್ದು ಎಲ್ಲ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಲು ನನಗೆ ಸಂಕೋಚ ಇಲ್ಲ.

ನಮ್ಮ ಮಳೆಯ ವಿಷಯವನ್ನೂ ಹೇಳಲೇಬೇಕು. ಕಿಟ್ ಜೊತೆ ಬರುವ ಸೂಚನೆಯಲ್ಲಿ ಅದು ಇರಲಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಬಟ್ಟೆ ವಾರ ಕಳೆದರೂ ಒಣಗುವುದಿಲ್ಲ. ಜುಲೈ ಮೊದಲ ವಾರ ಮೈಕ್ ಹಾಕಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನಲು ಶುರುವಾಯಿತು. ತೇವದ ಗಾಳಿ ಆ ಬೆಸುಗೆಯ ಸುತ್ತ ಕೂತು ವಿದ್ಯುತ್ ಸೋರುತ್ತಿತ್ತು. ನೋಡಿದರೆ ಬೆಸುಗೆಯ ಬುಡದಲ್ಲಿ ಫ್ಲಕ್ಸ್, ಅಂದರೆ ಬೆಸುಗೆ ಹರಿಯಲು ಬಳಸುವ ಅಂಟು, ಉಳಿದುಬಿಟ್ಟಿತ್ತು. ಕ್ಯಾಪ್ಸೂಲ್ ಬಿಚ್ಚಿ ಪಕ್ಕಕ್ಕಿಟ್ಟೆ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆ ಟೂತ್‌ಬ್ರಷ್ ತಗೊಂಡು ಎರಡು ಸಲ ತೊಳೆದೆ. ಔಷಧಿ ಅಂಗಡಿಯಲ್ಲಿ ಸಿಗುವ 70 ಪರ್ಸೆಂಟಿನದು ಬೇಡ, ಅದರಲ್ಲಿ ನೀರಿರುತ್ತದೆ. “ಒಲೆ ಮೇಲಿನ ಅಟ್ಟದಲ್ಲಿ ಇಡೇ ಮಾರಾಯ್ತಿ, ಒಣಗ್ತದೆ” ಅಂದರು ಅತ್ತೆ. ಹೊಗೆ ಆ ಬಂಗಾರದ ಹಾಳೆಗೆ ಆಗದು ಎಂದು ಬಿಡಿಸಿ ಹೇಳಿದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರೊಳಗೆ ಮೈಕ್ ಇಡಲು ಶುರು ಮಾಡಿದೆ. ಆಮೇಲೆ ಚಟಪಟ ಬಂದಿಲ್ಲ. ಮಲೆನಾಡು, ಕರಾವಳಿಯಲ್ಲಿ ಯಾರಾದರೂ ಇಂಥ ಮೈಕ್ ಕಟ್ಟಿದರೆ ಇದನ್ನು ಮರೆಯಬೇಡಿ.

ರೆಕಾರ್ಡ್ ಮಾಡಿದ್ದು ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ. ಫ್ರಿಜ್ ಆರಿಸಿದೆ. ಗಡಿಯಾರ ಇಳಿಸಿ ದಿಂಬಿನ ಕೆಳಗೆ ಇಟ್ಟೆ. ಜಗಲಿಯ ಹಗ್ಗಕ್ಕೆ ಎರಡು ಕಂಬಳಿ ಇಳಿಬಿಟ್ಟೆ. ‘ಪ’, ‘ಬ’ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ. ಅದಕ್ಕೆ ಕಸೂತಿ ಹಾಕುವ ರಿಂಗಿಗೆ ಹಳೆ ನೈಲಾನ್ ಬಟ್ಟೆ ಬಿಗಿದು ಮುಂದೆ ನಿಲ್ಲಿಸಿದೆ. ಬಾಯಿಗೂ ಮೈಕಿಗೂ ಎರಡು ಗೇಣು ಬಿಟ್ಟೆ. ಅತ್ತೆಗೆ ಸುಮ್ನೆ ಕೂತು ಹಾಡಿ ಅಂದರೆ ಆಗಲಿಲ್ಲ. ಮೂರು ಸಲ ಮರೆತರು. ಕೊನೆಗೆ ಅವರೇ, “ಕೈಗೆ ಏನಾದ್ರೂ ಕೊಡು” ಅಂದರು. ಸದ್ದು ಮಾಡದ ಕೆಲಸ ಯಾವುದು ಎಂದು ಯೋಚಿಸಿ ಹೂಬತ್ತಿ ಮಾಡಲು ಹತ್ತಿ ಕೊಟ್ಟೆ. ಅಲ್ಲಿಂದ ಹನ್ನೊಂದು ಹಾಡು ಒಂದೇ ಕೂತಲ್ಲಿ ಬಂದವು. ಕೇಳಿಸಿದಾಗ ಎರಡು ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದುಕೊಂಡು, “ಇದು ನಮ್ಮಮ್ಮನ ದನಿ” ಅಂದರು. ಅವರ ಅಮ್ಮ ತೀರಿಹೋಗಿ ಐವತ್ತು ವರ್ಷದ ಮೇಲಾಯಿತು.

ಸಂಪಾದಕರೇ, ಇಷ್ಟೆಲ್ಲ ಬರೆದದ್ದು ನನ್ನ ಒಬ್ಬಳ ಸಂತೋಷಕ್ಕಲ್ಲ. ಈ ಕೆಲಸ ನಮ್ಮ ಪ್ರೌಢಶಾಲೆಗಳಲ್ಲಿ, ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಆಗಬೇಕು ಎಂಬುದು ನನ್ನ ಕೇಳಿಕೆ. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಥರ್ಮೊಕೋಲಿನ ಜ್ವಾಲಾಮುಖಿ, ಬಣ್ಣದ ನೀರು. ಪ್ರದರ್ಶನ ಮುಗಿದ ಮಾರನೇ ದಿನ ಅದು ಕಸದ ಗುಂಡಿಗೆ. ಮಕ್ಕಳು ಮಾಡಿದ ವಸ್ತು ಹತ್ತು ವರ್ಷ ಬಳಕೆಯಲ್ಲಿ ಇರುವ ಹಾಗಾದರೆ ಎಷ್ಟು ಚೆಂದ!

ಹಳೆ ವಿದ್ಯಾರ್ಥಿಗಳು ಸೇರಿ ದುಡ್ಡು ಕೊಟ್ಟು ನಮ್ಮ ಶಾಲೆಗೆ ಎರಡನೇ ಕಿಟ್ ತರಿಸಿಕೊಟ್ಟರು. ಹತ್ತನೇ ತರಗತಿಯ ಆರು ಮಕ್ಕಳು ಶನಿವಾರ ಮಧ್ಯಾಹ್ನ ಕೂತು ಕಟ್ಟುತ್ತಿದ್ದಾರೆ. ಮೊದಲ ದಿನವೇ ಒಬ್ಬಳು ಗಿಗಾ ರೆಸಿಸ್ಟರಿಗೆ ಮೀಟರ್ ಹಿಡಿದು, “ಟೀಚರ್, ಇದು ಕಟ್ ಆಗಿದೆ. ಓ.ಎಲ್. ತೋರಿಸ್ತಿದೆ” ಅಂದಳು. ಕಟ್ ಆಗಿಲ್ಲ, ಮೀಟರಿಗೆ ಅಷ್ಟು ದೊಡ್ಡದನ್ನು ಅಳೆಯಲು ಬರುವುದಿಲ್ಲ, ಓ.ಎಲ್. ಅಂದರೆ ಅಳತೆ ಮೀರಿದೆ ಎಂದು ಅಷ್ಟೇ ಅಂದೆ. “ಹಂಗಾದ್ರೆ ಸರಿ ಇದೆ ಅಂತ ಹೆಂಗೆ ಗೊತ್ತಾಗ್ತದೆ?” ಎಂದು ಕೇಳಿದಳು. ಅದು ಸರಿಯಾದ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. ಮೀಟರನ್ನು ವೋಲ್ಟ್‌ಗೆ ಇಟ್ಟಾಗ ಅದರ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್ ಇರುತ್ತದೆ ಎಂದಷ್ಟೇ ಹೇಳಿದೆ. ಆರೂ ಜನ ತಲೆ ಸೇರಿಸಿದರು. 9 ವೋಲ್ಟ್ ಬ್ಯಾಟರಿ, ಈ ರೆಸಿಸ್ಟರ್, ಮೀಟರ್ ಮೂರನ್ನೂ ಸರಣಿಯಲ್ಲಿ ಜೋಡಿಸಬಹುದು ಎಂದು ಕಂಡುಕೊಂಡರು. 1 ಗಿಗಾಓಮ್ ಅಂದರೆ 1000 ಮೆಗಾಓಮ್, ಮೀಟರಿನದು 10, ಒಟ್ಟು 1010ರಲ್ಲಿ 10 ಭಾಗ ಮೀಟರಿಗೆ, ಅಂದರೆ 89 ಮಿಲಿವೋಲ್ಟ್ ಬರಬೇಕು ಎಂದು ಮೊದಲೇ ಕಪ್ಪುಹಲಗೆಯ ಮೇಲೆ ಬರೆದರು. ಮೀಟರ್ 91 ತೋರಿಸಿತು. ಬ್ಯಾಟರಿ ಹೊಸದು, 9.2 ವೋಲ್ಟ್ ಇತ್ತು, ಅದನ್ನೂ ಅವರೇ ಅಳೆದು ಹಿಡಿದರು. ಓಮ್‌ನ ನಿಯಮವನ್ನು ನಾನು 26 ವರ್ಷದಿಂದ ಹೇಳುತ್ತಿದ್ದೇನೆ. ಮಕ್ಕಳು ಅದನ್ನು ಹಿಡಿದು ಕುಣಿದದ್ದನ್ನು ಅವತ್ತೇ ನೋಡಿದ್ದು.

ಅಪಾಯ ಇಲ್ಲವಾ ಎಂದು ಪೋಷಕರು ಕೇಳಿದರು. ಕೇಳಬೇಕಾದ ಮಾತೇ. ಈ ಮೈಕಿಗೆ ಬರುವುದು 48 ವೋಲ್ಟ್, ಅದೂ ದಾರಿಯಲ್ಲಿ 6,800 ಓಮ್‌ನ ಎರಡು ರೆಸಿಸ್ಟರ್ ದಾಟಿಕೊಂಡು. ಹೆಚ್ಚೆಂದರೆ 14 ಮಿಲಿಆಂಪಿಯರ್. ಹಳೆ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವ್ ಹಾಕಿದ ಕಿಟ್‌ಗಳೂ ಇವೆ, ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವನ್ನು ಮಕ್ಕಳ ಕೈಗೆ ಕೊಡಬೇಡಿ. ಐರನ್ ಬಿಸಿ ಇರುತ್ತದೆ, ಕಣ್ಣಿಗೆ ಕನ್ನಡಕ ಬೇಕು, ಕಿಟಕಿ ತೆರೆದಿರಬೇಕು. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಯಾರೂ ತಿಂಡಿ ಮುಟ್ಟುವ ಹಾಗಿಲ್ಲ.

ಸಾಮಾನು ಇರುವ ಶಾಲೆಗಳೂ ಕಮ್ಮಿ ಇಲ್ಲ. 2016ರಿಂದ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ಅಂಥ ಶಾಲೆಗೆ ಒಂದು ಮೈಕ್ ಕಿಟ್ ಹೊರೆಯೇ ಅಲ್ಲ. ಲ್ಯಾಬ್ ಇಲ್ಲದ ನಮ್ಮಂಥ ಶಾಲೆಗೆ ಊರಿನ ರೇಡಿಯೊ ಮೆಕ್ಯಾನಿಕ್ ಇದ್ದಾರೆ. ಅವರ ಕೈಯಲ್ಲಿರುವ ವಿದ್ಯೆಯೂ ಅತ್ತೆಯ ಹಾಡಿನ ಹಾಗೆಯೇ ಕೇಳುವವರಿಲ್ಲದೆ ಕೂತಿದೆ.

ಇದೆಲ್ಲ ಇಂಜಿನಿಯರುಗಳ ಕೆಲಸ, ಮೇಷ್ಟ್ರುಗಳಿಗೆ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಅಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನಪಿಸಿದೆ. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂದು ಇವತ್ತು ಇಡೀ ದೇಶ ಕರೆಯುವ ಹೆಸರು ಆ ಮನೆಯ ಕೇಂದ್ರದ್ದು. ಅವರೂ ಮೇಷ್ಟ್ರೇ ಅಲ್ವಾ?

ಮಕ್ಕಳ ಮೈಕ್ ನವರಾತ್ರಿ ರಜೆಯ ಹೊತ್ತಿಗೆ ತಯಾರಾಗುತ್ತದೆ. ಗಾಳಿಯ ಆ ಒಂದು ಬೆಸುಗೆ ಇನ್ನೂ ಬಾಕಿ ಇದೆ. ಅದನ್ನು ಮೀಟರ್ ಹಿಡಿದು ಪ್ರಶ್ನೆ ಕೇಳಿದ ಹುಡುಗಿಯೇ ಹಾಕಬೇಕೆಂದು ಉಳಿದವರು ತೀರ್ಮಾನ ಮಾಡಿದ್ದಾರೆ. ಆಮೇಲೆ ನಮ್ಮ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಹಾಡುವ, ಕತೆ ಹೇಳುವ ಹಿರಿಯರಿದ್ದರೂ ಶಾಲೆಗೆ ಒಂದು ಮಾತು ತಿಳಿಸಿ. ಭಾನುವಾರ ನಾವೇ ಮೈಕ್ ತಗೊಂಡು ಬರುತ್ತೇವೆ. ದುಡ್ಡು ಬೇಡ. ಫ್ಯಾನು, ಫ್ರಿಜ್ ಆರಿಸಿ, ಎರಡು ಕಂಬಳಿ ತೆಗೆದಿಟ್ಟಿರಿ. ಅವರ ಕೈಗೆ ಕೊಡಲು ಸದ್ದಿಲ್ಲದ ಕೆಲಸ ಒಂದನ್ನು ಹುಡುಕಿಟ್ಟಿರಿ.

ಇಂತಿ,
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು